ಮನೆಯಿಂದ ತೋಟದ ಶೆಡ್‌ಗೆ 210 ಮೀಟರ್ ಫೈಬರ್, 10 ಗಿಗಾಬಿಟ್ ಬೇಕು: ಯಾವ ಕೇಬಲ್, ಯಾವ ಮಾಡ್ಯೂಲ್?

ತೆಂಗಿನಸಾಲು_ತಿಪಟೂರು:

ಎಲ್ಲರಿಗೂ ನಮಸ್ಕಾರ. ತಿಪಟೂರು ಪಕ್ಕ ತೋಟದ ಮನೆ. ಇಂಟರ್ನೆಟ್ ಮತ್ತು ಎನ್‌ಎಎಸ್ (ನೆಟ್‌ವರ್ಕಿನಲ್ಲಿ ಫೈಲ್ ಇಡುವ ಪೆಟ್ಟಿಗೆ) ಎರಡೂ ಮನೆಯಲ್ಲಿವೆ. ಕೊಬ್ಬರಿ ಅಟ್ಟದ ಪಕ್ಕದ ಶೆಡ್ಡನ್ನು ವಿಡಿಯೊ ಎಡಿಟಿಂಗ್ ರೂಮ್ ಮಾಡಿದ್ದೇವೆ, ಅಲ್ಲಿ ಎರಡು ಕಂಪ್ಯೂಟರ್. ಬದುವಿನ ಗುಂಟ ಟೇಪ್ ಹಿಡಿದರೆ 210 ಮೀಟರ್. ಎರಡೂ ಕಡೆ ಗೋಡೆ ಹತ್ತಿ ಒಳಗೆ ಹೋಗುವುದು ಸೇರಿ 235. ಜಮೀನು ಪೂರ್ತಿ ನಮ್ಮದೇ, ರಸ್ತೆ ದಾಟುವ ತಾಪತ್ರಯ ಇಲ್ಲ. ಈಗಿರುವುದು ವೈರ್‌ಲೆಸ್ ಬ್ರಿಡ್ಜ್. ತೆಂಗಿನ ಗರಿ ಅಡ್ಡ ಬಂದಾಗಲೆಲ್ಲ ವೇಗ ಬೀಳುತ್ತದೆ.

ತುಮಕೂರಿನಲ್ಲಿ ಎರಡು ಅಂಗಡಿಯಲ್ಲಿ ಕೇಳಿದೆ. ಒಬ್ಬರು "ಓಎಂ3 ಮಲ್ಟಿಮೋಡ್ ಹಾಕಿ, 300 ಮೀಟರ್ ಬರುತ್ತೆ, ಮಾಡ್ಯೂಲೂ ಅಗ್ಗ" ಅಂದರು (ಮಾಡ್ಯೂಲ್ ಅಂದರೆ ಸ್ವಿಚ್ಚಿಗೆ ಸಿಕ್ಕಿಸುವ, ಫೈಬರಿನಲ್ಲಿ ಬೆಳಕು ಕಳಿಸಿ ಪಡೆಯುವ ಸಾಮಾನು). ಇನ್ನೊಬ್ಬರು "ಸಿಂಗಲ್ ಮೋಡ್ ಹಾಕಿ, ಆದರೆ ಎಲ್ಆರ್ ಮಾಡ್ಯೂಲು 10 ಕಿಲೋಮೀಟರಿನದ್ದು, ಇಷ್ಟು ಹತ್ತಿರಕ್ಕೆ ಹಾಕಿದರೆ ಬೆಳಕು ಜಾಸ್ತಿಯಾಗಿ ಸುಟ್ಟುಹೋಗುತ್ತೆ, ಬೆಳಕು ತಗ್ಗಿಸುವ ಅಟೆನ್ಯುಯೇಟರ್ ಬೇಕು" ಅಂದರು. ಯಾರ ಮಾತು ಹಿಡಿಯುವುದು?

ಇನ್ನೂ ಎರಡು ಪ್ರಶ್ನೆ. ತೆಂಗಿನ ಮರದಿಂದ ಮರಕ್ಕೆ ಕಟ್ಟಿಕೊಂಡು ಹೋಗಬಹುದೋ, ನೆಲದಲ್ಲೇ ಹೂಳಬೇಕೋ? ಎರಡೂ ತುದಿಗೆ ಮೈಕ್ರೋಟಿಕ್‌ನ ನಾಲ್ಕು ಎಸ್‌ಎಫ್‌ಪಿ ಪ್ಲಸ್ (10 ಗಿಗಾಬಿಟ್ ಮಾಡ್ಯೂಲ್ ಸಿಕ್ಕಿಸುವ) ಪೋರ್ಟಿನ ಪುಟ್ಟ ಸ್ವಿಚ್ (ಸಿಆರ್‌ಎಸ್305) ತಗೊಳ್ಳೋಣ ಅಂತಿದ್ದೇನೆ. ಒಂದು ಕಂಪ್ಯೂಟರಿಗೆ ಹಳೇ ಇಂಟೆಲ್ ಎಕ್ಸ್520 ನೆಟ್‌ವರ್ಕ್ ಕಾರ್ಡ್ ಇದೆ, ಇನ್ನೊಂದರ ಮದರ್‌ಬೋರ್ಡಿನಲ್ಲಿ ಮಾಮೂಲಿ ತಾಮ್ರದ ವೈರಿನ 10 ಗಿಗಾಬಿಟ್ ಪೋರ್ಟ್ ಇದೆ. ಇದು ಹೊಂದುತ್ತಾ?

---

ಶಿರಾಗೇಟ್_ಸ್ಪ್ಲೈಸರ್:

ಇಬ್ಬರೂ ಅರ್ಧರ್ಧ ಸರಿ ಹೇಳಿದ್ದಾರೆ ಸರ್. ಸಿಂಗಲ್ ಮೋಡ್ ಹಾಕಿ. ಅಟೆನ್ಯುಯೇಟರ್ ಬೇಡ.

ಮೊದಲು ಮಲ್ಟಿಮೋಡ್ ವಿಷಯ. ಓಎಂ3 ಮೇಲೆ 10 ಗಿಗಾಬಿಟ್ ಎಸ್ಆರ್ (ಮಲ್ಟಿಮೋಡಿಗೆ ಹಾಕುವ) ಮಾಡ್ಯೂಲ್ 300 ಮೀಟರ್, ಓಎಂ4 ಮೇಲೆ 400 ಮೀಟರ್ ಓಡುವುದು ನಿಜ. ಇವತ್ತಿನ 235ಕ್ಕೆ ಸಾಕು. ನಾಳೆ 25 ಗಿಗಾಬಿಟ್‌ಗೆ ಹೋಗೋಣ ಅಂದರೆ ಅದೇ ಓಎಂ3 70 ಮೀಟರಿಗೇ ಕೈಚೆಲ್ಲುತ್ತದೆ, ಓಎಂ4 100ಕ್ಕೆ. ಅದರ ಕೋರ್ 50 ಮೈಕ್ರಾನ್ ಅಗಲ. ಬೆಳಕು ನೂರೆಂಟು ದಾರಿ ಹಿಡಿದು ಹೋಗಿ, ಒಂದೇ ಪಲ್ಸಿನ ಭಾಗಗಳು ಹಿಂದೆಮುಂದೆ ತಲುಪುತ್ತವೆ. ವೇಗ ಹೆಚ್ಚಿದಷ್ಟೂ ಪಲ್ಸುಗಳು ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ. ಸಿಂಗಲ್ ಮೋಡಿನ ಕೋರ್ ಸುಮಾರು 9 ಮೈಕ್ರಾನ್, ಬೆಳಕಿಗೆ ಇರುವುದು ಒಂದೇ ದಾರಿ. ಇವತ್ತು ಹೂತ ಅದೇ ಕೇಬಲ್ ಮೇಲೆ ಮಾಡ್ಯೂಲ್ ಬದಲಿಸಿ 25, 100 ಏನು ಬೇಕಾದರೂ ಓಡಿಸಬಹುದು. ಕೇಬಲ್ ಕೂಡ ಓಎಂ3ಗಿಂತ ಅಗ್ಗ. ಊರೂರಿಗೆ ಇಂಟರ್ನೆಟ್ ಎಳೆಯುವವರೆಲ್ಲ ಸಿಂಗಲ್ ಮೋಡೇ ಬಳಸುವುದರಿಂದ ಸುಲಭವಾಗಿ ಸಿಗುತ್ತದೆ, ಜಾಯಿಂಟ್ ಹಾಕುವವರೂ ಸಿಗುತ್ತಾರೆ. ಎಲ್ಆರ್ ಮಾಡ್ಯೂಲಿಗೆ ಎಸ್ಆರ್‌ಗಿಂತ ಸ್ವಲ್ಪ ಜಾಸ್ತಿ ಬೀಳಬಹುದು, ಆದರೆ ಬೇಕಾಗಿರುವುದು ಎರಡೇ. 210 ಮೀಟರ್ ಕಾಲುವೆ ತೋಡುವ ಕೂಲಿಯ ಮುಂದೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಸುಟ್ಟುಹೋಗುವ ಮಾತು. 10 ಗಿಗಾಬಿಟ್ ಎಲ್ಆರ್ ಮಾಡ್ಯೂಲ್ ಹೊರಬಿಡುವ ಬೆಳಕು -8.2ರಿಂದ +0.5 ಡಿಬಿಎಂ (ಬೆಳಕಿನ ಬಲದ ಅಳತೆ) ಒಳಗೆ ಇರಬೇಕು ಅಂತ ನಿಯಮ. ಅದರ ರಿಸೀವರ್ -14.4ರಿಂದ +0.5ರವರೆಗೆ ತಾಳಿಕೊಳ್ಳಬೇಕು. ಅಂದರೆ ಅತಿ ಜೋರಿನ ಮಾಡ್ಯೂಲನ್ನು ಒಂದು ಮೀಟರ್ ಪ್ಯಾಚ್ ಕಾರ್ಡಿನಲ್ಲಿ ಇನ್ನೊಂದಕ್ಕೆ ನೇರ ಸಿಕ್ಕಿಸಿದರೂ ಮಿತಿ ದಾಟುವುದಿಲ್ಲ. 10 ಕಿಲೋಮೀಟರ್ ಅನ್ನುವುದು ಗರಿಷ್ಠ ದೂರ. ಇಷ್ಟು ದೂರ ಇರಲೇಬೇಕು ಅನ್ನುವ ಕನಿಷ್ಠ ಮಿತಿ ಅದಲ್ಲ. ಅಂಗಡಿಯವರು ಹೇಳಿದ್ದು 40 ಕಿಲೋಮೀಟರಿನ ಇಆರ್, 80 ಕಿಲೋಮೀಟರಿನ ಝಡ್ಆರ್ ಮಾಡ್ಯೂಲಿಗೆ ಸರಿ. ಅವು 1550 ನ್ಯಾನೋಮೀಟರಿನವು, ಇಆರ್ +4 ಡಿಬಿಎಂವರೆಗೆ ಬೆಳಕು ಬಿಡಬಲ್ಲದು, ಅದರ ರಿಸೀವರ್ ತಡೆಯುವುದು -1. ಯಾರಾದರೂ "ಜಾಸ್ತಿ ಪವರಿನದು, ಒಳ್ಳೇದು" ಅಂತ ಇಆರ್ ಕೊಡಲು ಬಂದರೆ ಕೈಮುಗಿದು ವಾಪಸ್ ಕೊಡಿ.

ನಿಮ್ಮ ಲೈನಿನ ನಷ್ಟದ ಲೆಕ್ಕ: ಎಲ್ಆರ್ ಬಳಸುವ 1310 ನ್ಯಾನೋಮೀಟರ್ ಬೆಳಕಿಗೆ ಕಿಲೋಮೀಟರಿಗೆ 0.35 ಡಿಬಿ ಹಿಡಿದರೆ 235 ಮೀಟರಿಗೆ 0.08. ಎರಡು ತುದಿಯಲ್ಲಿ ಒಂದೊಂದು ಜಾಯಿಂಟ್, ತಲಾ 0.1. ಎರಡು ಬಾಕ್ಸಿನ ಅಡಾಪ್ಟರ್, ತಲಾ 0.5. ಎಲ್ಲಾ ಸೇರಿ 1.3 ಡಿಬಿ ಆಸುಪಾಸು. ಎಲ್ಆರ್‌ಗೆ ಇರುವ ಬಜೆಟ್, ಅಂದರೆ ಅದು ತಾಳುವ ನಷ್ಟ, 6.2. ಗಮನಿಸಿ, ಕೇಬಲಿನ ಉದ್ದ ಇಲ್ಲಿ ಏನೂ ಅಲ್ಲ, ನಷ್ಟವೆಲ್ಲ ತುದಿಗಳಲ್ಲಿ. ಈ ಥರದ ಲೈನ್ ಕೆಟ್ಟರೆ ಕೆಡುವುದೂ ಅಲ್ಲೇ.

ಕೇಬಲ್ ಕೇಳುವಾಗ: ಓಎಸ್2 (ಸಿಂಗಲ್ ಮೋಡ್ ಕೇಬಲಿನ ದರ್ಜೆ), ಒಳಗಿನ ಗಾಜು ಜಿ.652ಡಿ ಅಥವಾ ಜಿ.657ಎ1. ಎರಡನ್ನೂ ಒಂದಕ್ಕೊಂದು ಜಾಯಿಂಟ್ ಹಾಕಬಹುದು. 657ಎ1 ಗಾಜು 10 ಮಿಲಿಮೀಟರ್ ತ್ರಿಜ್ಯದ ಬಾಗು ತಡೆಯುತ್ತದೆ, ಎ2 ಆದರೆ 7.5. ನೆಲದೊಳಗಿನ ಕೇಬಲಿಗೆ ಯಾವುದಾದರೂ ನಡೆಯುತ್ತದೆ, ಬಾಕ್ಸಿನ ಒಳಗಿನ ಪಿಗ್‌ಟೇಲ್ (ಒಂದೇ ತುದಿಗೆ ಕನೆಕ್ಟರ್ ಇರುವ ತುಂಡು ಫೈಬರ್) ಮಾತ್ರ 657 ಇರಲಿ. 4 ಕೋರ್ (ಇಲ್ಲಿ ಕೋರ್ ಅಂದರೆ ಕೇಬಲಿನೊಳಗಿನ ಫೈಬರ್ ಎಳೆ) ತಗೊಳ್ಳಿ, 6 ಸಿಕ್ಕರೆ ಇನ್ನೂ ವಾಸಿ. ಬಳಸುವುದು ಎರಡು, ಉಳಿದದ್ದು ಮುಂದಕ್ಕೆ. ಬಣ್ಣದ ಸಾಲು ನೀಲಿ, ಕಿತ್ತಳೆ, ಹಸಿರು, ಕಂದು. ಎರಡೂ ತುದಿಯಲ್ಲಿ ಇದೇ ಕ್ರಮ ಇರಲಿ.

ಒಂದೇ ಕೋರಿನಲ್ಲಿ ಎರಡೂ ದಿಕ್ಕು ಓಡಿಸುವ ಬೈಡಿ ಮಾಡ್ಯೂಲ್ ಕೂಡ ಇವೆ, 10 ಗಿಗಾಬಿಟ್ಟಿನವು 1270 ಮತ್ತು 1330ರ ಜೋಡಿ. ಜೋಡಿಯಲ್ಲಿ ಒಂದು ಕೆಟ್ಟರೆ ಸರಿಯಾದ ತರಂಗಾಂತರದ್ದನ್ನೇ ಹುಡುಕಬೇಕು. ಎಲ್ಆರ್ ಆದರೆ ಎರಡು ಕಡೆಯೂ ಒಂದೇ ಮಾಲು, ಒಂದು ಹೆಚ್ಚಿಗೆ ಇಟ್ಟುಕೊಂಡರೆ ಯಾವ ಕಡೆಗಾದರೂ ಆಗುತ್ತದೆ. ನಾಲ್ಕು ಕೋರ್ ಹೂಳುವಾಗ ಬೈಡಿ ಉಸಾಬರಿ ಏಕೆ?

---

ಗುಬ್ಬಿ_ಅಡಿಕೆತೋಟ:

ಮರದಿಂದ ಮರಕ್ಕೆ ಕಟ್ಟುವ ಯೋಚನೆ ಬಿಡಿ ಸರ್. ಮನೆಗೆ ಇಂಟರ್ನೆಟ್ ಕೊಡುವವರು ಬಳಸುವ, ಪಕ್ಕದಲ್ಲಿ ಸ್ಟೀಲ್ ತಂತಿ ಇರುವ ಚಪ್ಪಟೆ ಡ್ರಾಪ್ ಕೇಬಲ್ ಕಂಬದಿಂದ ಕಂಬಕ್ಕೆ ಸರಿ. ತೆಂಗಿನ ಮರ ಗಾಳಿಗೆ ತೂಗುತ್ತದೆ, ಕಂಬ ತೂಗುವುದಿಲ್ಲ. ತೂಗುವ ಮರಕ್ಕೆ ಬಿಗಿಯಾಗಿ ಕಟ್ಟಿದರೆ ಕಟ್ಟಿದ ಜಾಗದಲ್ಲೇ ಕೇಬಲ್ ನಲುಗುತ್ತದೆ. ಒಣಗಿದ ಗರಿ ಮಟ್ಟೆ ಸಮೇತ ಬಿದ್ದರಂತೂ ಮುಗಿಯಿತು. ಅಳಿಲು ಬೇರೆ.

ಹೂಳುವುದಾದರೆ ಬದುವಿನ ಗುಂಟವೇ ಹೋಗಿ, ಪಾತಿಗಳಿಂದ ದೂರ. ರೋಟವೇಟರ್, ನೇಗಿಲು ಆಡುವ ಜಾಗದಲ್ಲಿ ಎರಡೂವರೆ ಅಡಿಗಿಂತ ಮೇಲೆ ಇಡಬೇಡಿ, ಮೂರಡಿ ಇದ್ದರೆ ನೆಮ್ಮದಿ. 32 ಅಥವಾ 40 ಮಿಲಿಮೀಟರ್ ಎಚ್‌ಡಿಪಿಇ ಪೈಪ್ ಸುರುಳಿಯಲ್ಲಿ ತಗೊಳ್ಳಿ. ಆರಾರು ಮೀಟರಿಗೆ ಜೋಡಿಸುವ ಪಿವಿಸಿ ಪೈಪ್ ಬೇಡ. ಒಂದೊಂದು ಜೋಡಣೆಯೂ ನೀರು, ಬೇರು ನುಗ್ಗುವ ಬಾಗಿಲು. ಪೈಪಿನ ಕೆಳಗೆ ಎರಡು ಇಂಚು ಮರಳು ಅಥವಾ ಜರಡಿ ಹಿಡಿದ ಮಣ್ಣು ಹಾಸಿ, ಮೇಲೂ ಅಷ್ಟೇ, ಆಮೇಲೆ ಕಲ್ಲು ಮಣ್ಣು ತುಂಬಿ. ಒಂದಡಿ ಮೇಲೆ ಎಚ್ಚರಿಕೆಯ ಟೇಪ್ ಎಳೆಯಿರಿ. ಮುಂದೆ ಜೆಸಿಬಿಯವನ ಕಣ್ಣಿಗೆ ಮೊದಲು ಟೇಪ್ ಬಿದ್ದರೆ ಕೈ ನಿಲ್ಲಿಸುತ್ತಾನೆ. ಗಾಡಿ, ಟ್ರ್ಯಾಕ್ಟರ್ ದಾಟುವ ಜಾಗದಲ್ಲಿ ಎಚ್‌ಡಿಪಿಇ ಪೈಪನ್ನು ಜಿಐ ಪೈಪಿನೊಳಗೆ ತೂರಿಸಿ.

ಪೈಪ್ ಹಾಕುವಾಗಲೇ ಒಳಗೆ ನೈಲಾನ್ ಹಗ್ಗ ಬಿಡಿ. ಕೇಬಲ್ ಎಳೆಯುವಾಗ ಇನ್ನೊಂದು ಹಗ್ಗವನ್ನೂ ಜೊತೆಗೆ ಎಳೆದುಕೊಂಡು ಹೋಗಲಿ, ಮುಂದೆ ಬೇಕಾಗುತ್ತದೆ. ಹಗ್ಗವನ್ನು ಕಟ್ಟಬೇಕಾದದ್ದು ಕೇಬಲಿನೊಳಗಿನ ಹಳದಿ ಅರಾಮಿಡ್ ನೂಲಿಗೆ ಅಥವಾ ಬಲ ಕೊಡುವ ಕಡ್ಡಿಗೆ. ಹೊರ ಸಿಪ್ಪೆಗೆ ಮಾತ್ರ ಕಟ್ಟಿ ಎಳೆದರೆ ಸಿಪ್ಪೆ ಹಿಗ್ಗಿ ಒಳಗಿನ ಗಾಜು ಹಿಂದೆ ಉಳಿಯುತ್ತದೆ. ಇಬ್ಬರು ಸಾಕು: ಒಬ್ಬರು ಎಳೆಯಲು, ಒಬ್ಬರು ಆ ಕಡೆ ಡ್ರಮ್ ತಿರುಗಿಸುತ್ತ ಕೇಬಲ್ ಉಣಿಸಲು. ಸುರುಳಿಯನ್ನು ನೆಲದ ಮೇಲೆ ಮಲಗಿಸಿ ಒಂದೊಂದೇ ಸುತ್ತು ಬಿಚ್ಚಿದರೆ ಪ್ರತಿ ಸುತ್ತಿಗೂ ಒಂದು ತಿರುಚು ಬೀಳುತ್ತದೆ. 8 ಮಿಲಿಮೀಟರ್ ದಪ್ಪದ ಕೇಬಲಾದರೆ ಎಳೆಯುವಾಗ ಬಾಗಿನ ತ್ರಿಜ್ಯ 16 ಸೆಂಟಿಮೀಟರಿಗೆ ಕಡಿಮೆ ಆಗಬಾರದು, ಇಟ್ಟ ಮೇಲೆ 8. ಎಳೆಯುವಾಗ ವ್ಯಾಸದ 20 ಪಟ್ಟು, ಕೂತ ಮೇಲೆ 10 ಪಟ್ಟು ಅನ್ನುವ ಲೆಕ್ಕ ಅದು. ಹಾಗಾಗಿ ಮೂಲೆಯಲ್ಲಿ ಎಲ್ಬೋ ಹಾಕಬೇಡಿ, ಪೈಪನ್ನೇ ಉದ್ದಕ್ಕೆ ಬಾಗಿಸಿ.

ಈಗ ಹೆಗ್ಗಣ ಮತ್ತು ಸಿಡಿಲು, ಎರಡಕ್ಕೂ ಒಟ್ಟಿಗೆ ಯೋಚನೆ ಮಾಡಬೇಕು. ಹೆಗ್ಗಣ ಎಚ್‌ಡಿಪಿಇ ಪೈಪನ್ನೂ ಕಡಿಯುತ್ತದೆ. ಅದಕ್ಕೇ ಅಂಗಡಿಯಲ್ಲಿ ಸುಕ್ಕು ಸ್ಟೀಲ್ ಪಟ್ಟಿಯ ಆರ್ಮರ್ಡ್ ಕೇಬಲ್ ಕೊಡುತ್ತಾರೆ. ಆದರೆ ಅದು 210 ಮೀಟರ್ ಉದ್ದದ ಲೋಹ. ಅಶ್ವಿನಿ, ಭರಣಿ ಮಳೆಯಲ್ಲಿ ಸಿಡಿಲು ಹತ್ತಿರ ಬಿದ್ದರೆ ಮನೆಯ ಅರ್ತಿಂಗ್ ಒಂದು ವೋಲ್ಟೇಜಿನಲ್ಲಿ, ಶೆಡ್ಡಿನದು ಇನ್ನೊಂದರಲ್ಲಿ. ನಡುವೆ ಲೋಹದ ದಾರಿ ಇದ್ದರೆ ಕರೆಂಟ್ ಅದರಲ್ಲೇ ಹರಿಯುತ್ತದೆ. ತಾಮ್ರದ ವೈರ್ ಬಿಟ್ಟು ಫೈಬರ್ ಹಾಕುವುದರ ದೊಡ್ಡ ಲಾಭವೇ ಈ ದಾರಿ ಇಲ್ಲದಿರುವುದು. ಅದನ್ನು ಕೈಯಾರೆ ಕಳೆದುಕೊಳ್ಳಬೇಡಿ. ಸ್ಟೀಲ್ ಬದಲು ಗಾಜಿನ ನೂಲಿನ ಕವಚ, ಎಫ್‌ಆರ್‌ಪಿ (ಗಾಜುನಾರಿನ ಪ್ಲಾಸ್ಟಿಕ್) ಕಡ್ಡಿ ಇರುವ, ಲೋಹವೇ ಇಲ್ಲದ ಕೇಬಲ್ ಕೇಳಿ. ಗಾಜಿನ ನೂಲು ಹೆಗ್ಗಣದ ಬಾಯಿಗೆ ಚುಚ್ಚುತ್ತದೆ.

---

ಶಿರಾಗೇಟ್_ಸ್ಪ್ಲೈಸರ್:

ಗುಬ್ಬಿಯವರು ಹೇಳಿದ್ದಕ್ಕೆ ನನ್ನದೊಂದು ತಕರಾರು. ಲೋಹವಿಲ್ಲದ ಗಾಜುನೂಲಿನ ಕೇಬಲ್ ಒಳ್ಳೆಯದೇ, ಆದರೆ ಚಿಲ್ಲರೆಯಾಗಿ 250 ಮೀಟರ್ ಕೇಳಿದರೆ ಬಹಳ ಕಡೆ ಎತ್ತಿ ಕೊಡುವುದು ಸ್ಟೀಲ್ ಕವಚದ್ದೇ. ಅದನ್ನೂ ಸರಿಯಾಗಿ ಬಳಸಬಹುದು. ಸ್ಟೀಲನ್ನು ಕಟ್ಟಡದೊಳಕ್ಕೆ ತರಬೇಡಿ. ಎರಡೂ ಕಡೆ ಹೊರಗೋಡೆಯ ಮೇಲೆ ಬಾಕ್ಸ್ ಇಟ್ಟು ಅಲ್ಲೇ ಕವಚ ಕತ್ತರಿಸಿ, ಒಳಗಿನ ಪ್ಲಾಸ್ಟಿಕ್ ಟ್ಯೂಬ್ ಮಾತ್ರ ಒಳಗೆ ಹೋಗಲಿ. ಮನೆ ಕಡೆ ಕವಚವನ್ನು ಅರ್ತ್ ಮಾಡಿ, ಶೆಡ್ ಕಡೆ ಯಾವುದಕ್ಕೂ ತಾಗದಂತೆ ಟೇಪ್ ಸುತ್ತಿ ಬಿಡಿ. ಸ್ವಿಚ್ಚಿನ ಬಾಡಿಗೋ ರ‍್ಯಾಕಿಗೋ ಅದನ್ನು ಕಟ್ಟುವುದಂತೂ ಕೂಡದು.

---

ಗುಬ್ಬಿ_ಅಡಿಕೆತೋಟ:

ಒಪ್ಪಿದೆ, ಬೇರೆ ಸಿಗದಿದ್ದರೆ ಹಾಗೆ ಮಾಡಬಹುದು. ಆದರೂ ನಾಲ್ಕು ದಿನ ಕಾದು ತರಿಸಿದರೆ ಲೋಹವಿಲ್ಲದ್ದು ಬರುತ್ತದೆ, ನಾನಾದರೆ ಕಾಯುವವನೇ. ಇನ್ನೊಂದು ಮಾತು, ಫೈಬರ್ ಹಾಕಿದ ಮಾತ್ರಕ್ಕೆ ಶೆಡ್ಡಿನ ಕಂಪ್ಯೂಟರ್ ಸಿಡಿಲಿನಿಂದ ಬಚಾವ್ ಅಂದುಕೊಳ್ಳಬೇಡಿ. ಮೋಟಾರಿನ ಲೈನಿನಿಂದ ಬರುವ ಕರೆಂಟಿನ ಮೇಲೆ ಬರುವುದು ಬಂದೇ ಬರುತ್ತದೆ. ಅದಕ್ಕೆ ಕರೆಂಟ್ ಹಂಚುವ ಡಿಬಿ ಬಾಕ್ಸಿನಲ್ಲಿ ಸರ್ಜ್ ಪ್ರೊಟೆಕ್ಟರ್ ಬೇರೆ ಬೇಕು.

---

ತೆಂಗಿನಸಾಲು_ತಿಪಟೂರು:

ಬಹಳ ಉಪಕಾರ. ಒಂದು ಅನುಮಾನ: ಎರಡೂ ತುದಿಗೆ ಎಲ್‌ಸಿ ಕನೆಕ್ಟರ್ (ಮಾಡ್ಯೂಲಿಗೆ ಸಿಕ್ಕಿಸುವ ಪುಟ್ಟ ತಲೆ) ಹಾಕಿಯೇ ಬರುವ 250 ಮೀಟರಿನ ರೆಡಿ ಕೇಬಲ್ ಆನ್‌ಲೈನಿನಲ್ಲಿ ಇದೆ. ಅದನ್ನು ತಗೊಂಡರೆ ಜಾಯಿಂಟ್ ಹಾಕುವವರನ್ನು ಹುಡುಕುವ ಕೆಲಸ ತಪ್ಪುತ್ತಲ್ಲ?

---

ಶಿರಾಗೇಟ್_ಸ್ಪ್ಲೈಸರ್:

ತಪ್ಪುತ್ತದೆ, ಎಳೆಯುವಾಗ ಕನೆಕ್ಟರ್ ಉಳಿದರೆ! ತಲೆಗೆ ಎಳೆಯುವ ಚೀಲ ಹಾಕಿ ಬಂದಿದ್ದರೆ ಮಾತ್ರ ತಗೊಳ್ಳಿ, ಪೈಪೂ 40 ಮಿಲಿಮೀಟರಿನದೇ ಇರಲಿ. ಒಂದು ತುದಿ ಮುರಿದರೂ ಕೊನೆಗೆ ಜಾಯಿಂಟಿನವರನ್ನೇ ಕರೆಯಬೇಕು. ಉದ್ದ ಹೆಚ್ಚಾಗಿ ಉಳಿದ 15 ಮೀಟರನ್ನು ಎಲ್ಲಾದರೂ ಸುರುಳಿ ಸುತ್ತಿ ಇಡಬೇಕು. ನನ್ನ ಸಲಹೆ ಬರೀ ಕೇಬಲ್ ಎಳೆದು ಪಿಗ್‌ಟೇಲಿಗೆ ಜಾಯಿಂಟ್ ಹಾಕಿಸುವುದು. ತಾಲ್ಲೂಕಿನ ಯಾವ ಕೇಬಲ್, ಇಂಟರ್ನೆಟ್ ಆಪರೇಟರ್ ಬಳಿಯೂ ಫ್ಯೂಷನ್ ಸ್ಪ್ಲೈಸಿಂಗ್ ಮೆಷಿನ್ ಇರುತ್ತದೆ. ನಾಲ್ಕು ಕೋರ್, ಎರಡು ತುದಿ, ಒಟ್ಟು ಎಂಟು ಜಾಯಿಂಟ್, ಅರ್ಧ ದಿನದ ಕೆಲಸ. ಉಳಿಕೆ ಎರಡು ಕೋರನ್ನೂ ಈಗಲೇ ಹಾಕಿಸಿ. ಮೆಷಿನ್ ಮತ್ತೆ ಕರೆಸುವುದಕ್ಕಿಂತ ಅದು ಸುಲಭ.

ಬರುವವರಿಗೆ ಕೊಡಬೇಕಾದ ಸಾಮಾನು: ಎಲ್‌ಸಿ ಯುಪಿಸಿ ಸಿಂಗಲ್ ಮೋಡ್ ಪಿಗ್‌ಟೇಲ್ 8, ಜಾಯಿಂಟ್ ಮೇಲೆ ಹಾಕುವ ಶಾಖಕ್ಕೆ ಕುಗ್ಗುವ ಸ್ಲೀವ್ 10 (ಎರಡು ಕೆಡಲಿಕ್ಕೆ), ಎಲ್‌ಸಿ ಡ್ಯೂಪ್ಲೆಕ್ಸ್ ಅಡಾಪ್ಟರ್ 4, ಟರ್ಮಿನೇಷನ್ ಬಾಕ್ಸ್ 2, ಬಾಕ್ಸಿನಿಂದ ಸ್ವಿಚ್ಚಿಗೆ ಎಲ್‌ಸಿ ಯುಪಿಸಿ ಡ್ಯೂಪ್ಲೆಕ್ಸ್ ಪ್ಯಾಚ್ ಕಾರ್ಡ್ 2. ಹಳದಿ ಬಣ್ಣದ್ದು ಸಿಂಗಲ್ ಮೋಡ್. ಆಕ್ವಾ ಅಥವಾ ನೇರಳೆ ಬಣ್ಣದ್ದು ಮಲ್ಟಿಮೋಡ್, ಅಪ್ಪಿತಪ್ಪಿ ಅದನ್ನು ನಡುವೆ ಸೇರಿಸಬೇಡಿ.

ಇಲ್ಲಿ ಒಂದು ಕಡೆ ಬಹಳ ಜನ ಎಡವುತ್ತಾರೆ. ಮನೆಗೆ ಇಂಟರ್ನೆಟ್ ಕೊಡುವವರು ಬಳಸುವ ಕನೆಕ್ಟರ್ ಹಸಿರು, ಅಂದರೆ ಎಪಿಸಿ, ಅದರ ಮುಖ 8 ಡಿಗ್ರಿ ಓರೆ. ನಿಮಗೆ ಬೇಕಾದದ್ದು ನೀಲಿ, ಯುಪಿಸಿ, ಅದರ ಮುಖ ನೆಟ್ಟಗೆ. ಹಸಿರನ್ನು ನೀಲಿಗೆ ಸಿಕ್ಕಿಸಿದರೆ ಒಳಗೆ ಹೋಗುತ್ತದೆ, ಕೂತ ಹಾಗೂ ಕಾಣುತ್ತದೆ. ಆದರೆ ಮುಖಗಳ ನಡುವೆ ಗಾಳಿ ಉಳಿದು ಬೆಳಕು ಸೋರುತ್ತದೆ, ಒತ್ತಿದರೆ ಗಾಜಿನ ಮುಖ ಗೀಚಿ ಹೋಗುತ್ತದೆ. ಅವರ ಡಬ್ಬದಲ್ಲಿ ಹಸಿರು ಪಿಗ್‌ಟೇಲ್ ತುಂಬಿರುತ್ತದೆ, "ಇದೂ ಅದೇನೇ ಸಾರ್" ಅಂತ ಹಾಕಿಬಿಟ್ಟಾರು. ಪಕ್ಕದಲ್ಲೇ ನಿಂತು ನೋಡಿ.

ಸ್ವಚ್ಛತೆ: ಪ್ರತಿ ಸಲ ಸಿಕ್ಕಿಸುವ ಮುಂಚೆ ಒರೆಸಬೇಕು, ಹೊಸ ಪ್ಯಾಕೆಟ್ ಒಡೆದದ್ದಾದರೂ. ಎಲ್‌ಸಿಗೆ 1.25 ಮಿಲಿಮೀಟರಿನ ಒತ್ತುವ ಕ್ಲೀನರ್ ಪೆನ್ನು ಬರುತ್ತದೆ, ದೊಡ್ಡ ಎಸ್‌ಸಿ ಕನೆಕ್ಟರಿಗೆ 2.5ರದ್ದು. ಪಂಚೆ ತುದಿ, ಬನಿಯನ್, ಬಾಯಿಂದ ಊದುವುದು ಯಾವುದೂ ಬೇಡ; ಉಗುಳಿನ ಹನಿ ಒಣಗಿದರೆ ಕಲೆ ಗಟ್ಟಿಯಾಗುತ್ತದೆ. ಬೆಳಕು ಹೋಗುವ ಜಾಗ 9 ಮೈಕ್ರಾನ್ ಅಂದೆನಲ್ಲ, ಶೆಡ್ಡಿನಲ್ಲಿ ಹಾರುವ ಕೊಬ್ಬರಿ ಸಿಪ್ಪೆ ಧೂಳಿನ ಒಂದು ಕಣ ಅದನ್ನು ಪೂರ್ತಿ ಮುಚ್ಚುತ್ತದೆ. ಹಾಗೇ, ಬೆಳಕು ಬರ್ತಿದೆಯಾ ಅಂತ ತುದಿಯನ್ನು ಕಣ್ಣಿಗೆ ಹಿಡಿಯಬೇಡಿ. 1310 ಕಣ್ಣಿಗೆ ಕಾಣುವುದಿಲ್ಲ, ಮೊಬೈಲ್ ಕ್ಯಾಮೆರಾಕ್ಕೂ ಕಾಣುವುದಿಲ್ಲ (ಮಲ್ಟಿಮೋಡಿನ 850 ಆದರೆ ಕೆಲವು ಕ್ಯಾಮೆರಾಗೆ ಕಾಣುತ್ತದೆ). ಕ್ಯಾಮೆರಾದಲ್ಲಿ ಕಾಣಲಿಲ್ಲ ಅಂತ ಒಳ್ಳೇ ಮಾಡ್ಯೂಲನ್ನು ಸತ್ತಿದೆ ಅಂತ ವಾಪಸ್ ಕಳಿಸುವವರಿದ್ದಾರೆ.

---

ತಟ್ಟೆಇಡ್ಲಿ_10ಜಿ:

ಕೇಬಲ್ ಆಯಿತು, ನಾನು ಪೆಟ್ಟಿಗೆಗಳ ವಿಷಯ ಹೇಳ್ತೀನಿ.

ಮೈಕ್ರೋಟಿಕ್ ಸ್ವಿಚ್ ಯಾವ ಕಂಪನಿಯ ಮಾಡ್ಯೂಲ್ ಹಾಕಿದರೂ ತಕರಾರು ಮಾಡುವುದಿಲ್ಲ. ಎರಡು ತುದಿಗೆ ಬೇರೆ ಬೇರೆ ಕಂಪನಿಯ ಎಲ್ಆರ್ ಇದ್ದರೂ ಓಡುತ್ತದೆ, ಎಲ್ಆರ್ ಅನ್ನುವುದೇ ಒಂದು ಮಾನದಂಡ. ತಕರಾರು ಮಾಡುವುದು ನಿಮ್ಮ ಎಕ್ಸ್520. ಅದು ಇಂಟೆಲ್ ಅಂತ ಕೋಡ್ ಬರೆದಿರುವ ಆಪ್ಟಿಕಲ್ ಮಾಡ್ಯೂಲನ್ನೇ ಕೇಳುತ್ತದೆ. ಲಿನಕ್ಸಿನಲ್ಲಿ ಐಎಕ್ಸ್‌ಜಿಬಿಇ ಡ್ರೈವರಿಗೆ ಬೇರೆ ಮಾಡ್ಯೂಲ್ ಒಪ್ಪಿಕೊಳ್ಳುವ ಆಯ್ಕೆ ಕೊಡಬಹುದು. ಆದರೆ ಅದರ ಅಗತ್ಯವೇ ಇಲ್ಲ, ಕಂಪ್ಯೂಟರ್ ಸ್ವಿಚ್ಚಿನ ಪಕ್ಕದಲ್ಲೇ ಇದೆಯಲ್ಲ. 2 ಅಥವಾ 3 ಮೀಟರಿನ ಡಿಎಸಿ ಕೇಬಲ್ ಹಾಕಿ. ಎರಡೂ ತುದಿಗೆ ಎಸ್‌ಎಫ್‌ಪಿ ಪ್ಲಸ್ ತಲೆ ಇರುವ ತಾಮ್ರದ ಕೇಬಲ್ ಅದು. ಅಗ್ಗ, ಬಿಸಿಯಾಗುವುದಿಲ್ಲ, ಎಕ್ಸ್520 ಒಪ್ಪುತ್ತದೆ.

ಕಾರ್ಡ್ ಯಾವ ಸ್ಲಾಟಿನಲ್ಲಿದೆ ನೋಡಿಕೊಳ್ಳಿ. ಎಕ್ಸ್520 ಪಿಸಿಐಇ 2.0, 8 ಲೇನಿನದು. ಗ್ರಾಫಿಕ್ಸ್ ಕಾರ್ಡ್ ಜಾಗ ತಿಂದಿದೆ ಅಂತ ಕೆಳಗಿನ, ಉದ್ದ ಇದ್ದರೂ ಒಳಗೆ ಒಂದೇ ಲೇನ್ ಇರುವ ಸ್ಲಾಟಿಗೆ ಹಾಕಿದರೆ 4 ಗಿಗಾಬಿಟ್ ದಾಟುವುದಿಲ್ಲ, ನೀವು ಫೈಬರನ್ನು ಬೈಯುತ್ತ ಕೂರುತ್ತೀರಿ.

ಎರಡನೇ ಕಂಪ್ಯೂಟರಿನ ತಾಮ್ರದ ಪೋರ್ಟಿಗೆ ಸ್ವಿಚ್ಚಿನಲ್ಲಿ ತಾಮ್ರದ ಎಸ್‌ಎಫ್‌ಪಿ ಪ್ಲಸ್ ಮಾಡ್ಯೂಲ್ ಬೇಕು. ಇದು ಇಡೀ ವ್ಯವಸ್ಥೆಯಲ್ಲಿ ನನಗೆ ಹಿಡಿಸದ ಸಾಮಾನು. ಎಲ್ಆರ್ ಮಾಡ್ಯೂಲ್ ಸುಮಾರು 1 ವಾಟ್ ತಿಂದರೆ ಇದು ಎರಡೂವರೆ, ಮೂರು ವಾಟ್ ತಿನ್ನುತ್ತದೆ, ಮುಟ್ಟಿದರೆ ಕೈ ಸುಡುತ್ತದೆ. ಆ ಪುಟ್ಟ ಸ್ವಿಚ್ಚಿಗೆ ಫ್ಯಾನ್ ಇಲ್ಲ. ಹಾಕಲೇಬೇಕಾದರೆ ಮೂಲೆಯ ಪೋರ್ಟಿಗೆ ಹಾಕಿ ಪಕ್ಕದ್ದು ಖಾಲಿ ಬಿಡಿ: ಒಂದನೇ ಪೋರ್ಟಿಗೆ ತಾಮ್ರ, ಎರಡು ಖಾಲಿ, ಮೂರಕ್ಕೆ ಡಿಎಸಿ, ನಾಲ್ಕಕ್ಕೆ ಫೈಬರ್. ಶೆಡ್ಡಿಗೆ ಸಿಮೆಂಟ್ ಶೀಟ್ ಅಥವಾ ತಗಡಿನ ಚಾವಣಿ ಇದ್ದರೆ ಏಪ್ರಿಲ್ ಮಧ್ಯಾಹ್ನ ಒಳಗಿನ ಬಿಸಿ ಹೊರಗಿಗಿಂತ ಹೆಚ್ಚು. ಮಾಮೂಲಿ ಮಾಡ್ಯೂಲಿನ ಮಿತಿ 70 ಡಿಗ್ರಿ, ಅದೂ ಮಾಡ್ಯೂಲಿನ ಮೈಯ ಉಷ್ಣಾಂಶ. ಸ್ವಿಚ್ಚನ್ನು ಚಾವಣಿ ಕೆಳಗೆ ಮುಚ್ಚಿದ ಡಬ್ಬಿಯಲ್ಲಿ ಇಡುವ ಬದಲು ಮೇಜಿನ ಕೆಳಗೆ, ನೆಲದಿಂದ ಒಂದಡಿ ಎತ್ತರದಲ್ಲಿ ಗೋಡೆಗೆ ಹಾಕಿ. ಹೊಸದಾಗಿ ಕೊಳ್ಳುವುದಾದರೆ ಆ ಕಂಪ್ಯೂಟರಿಗೂ ಹಳೇ ಎಸ್‌ಎಫ್‌ಪಿ ಪ್ಲಸ್ ಕಾರ್ಡ್ ಒಂದನ್ನು ಹಾಕಿ ಡಿಎಸಿಯಲ್ಲೇ ಮುಗಿಸುವುದು ನನ್ನ ಆಯ್ಕೆ.

ಆಮೇಲೆ ನಿರೀಕ್ಷೆ ಸರಿ ಇರಲಿ. ಎನ್‌ಎಎಸ್‌ನಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಒಂದೇ ಇದ್ದರೆ ಸೆಕೆಂಡಿಗೆ 200 ಮೆಗಾಬೈಟ್ ಸುತ್ತಮುತ್ತ, ಅದು 2 ಗಿಗಾಬಿಟ್ ಕೂಡ ಆಗಲಿಲ್ಲ. ಸಾಟಾ ಎಸ್‌ಎಸ್‌ಡಿ 550 ಮೆಗಾಬೈಟ್, ನಾಲ್ಕೂವರೆ ಗಿಗಾಬಿಟ್. ಹತ್ತು ಪೂರ್ತಿ ತುಂಬಬೇಕೆಂದರೆ ಎನ್‌ವಿಎಂಇ (ಇನ್ನೂ ವೇಗದ ಎಸ್‌ಎಸ್‌ಡಿ) ಅಥವಾ ಹಲವು ಡಿಸ್ಕಿನ ಜೋಡಣೆ ಬೇಕು. ಲೈನ್ ಪರೀಕ್ಷೆಯನ್ನು ಫೈಲ್ ಕಾಪಿ ಮಾಡಿ ಮಾಡಬೇಡಿ. ಐಪರ್ಫ್3 (ನೆಟ್‌ವರ್ಕ್ ವೇಗ ಅಳೆಯುವ ಸಾಫ್ಟ್‌ವೇರ್) ಹಾಕಿ, ನಾಲ್ಕು ಸಮಾನಾಂತರ ಹರಿವು ಕೊಟ್ಟು, ಎರಡೂ ದಿಕ್ಕಿಗೆ ಓಡಿಸಿ. ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 1500ರಲ್ಲಿ 9.4 ಗಿಗಾಬಿಟ್ ಬಂದರೆ ಪೂರ್ತಿ ಬಂದ ಹಾಗೆ, ಉಳಿದದ್ದು ಹೆಡರುಗಳ ಪಾಲು. ಜಂಬೋ ಫ್ರೇಮ್ 9000 ಮಾಡಿದರೆ 9.9. ಆದರೆ ಎನ್‌ಎಎಸ್, ಎರಡು ಸ್ವಿಚ್, ಎರಡು ಕಂಪ್ಯೂಟರ್ ಎಲ್ಲದರಲ್ಲೂ ಒಂದೇ ಇರಬೇಕು. ಒಂದರಲ್ಲಿ ಮರೆತರೆ ಪಿಂಗ್ ಸರಿಯಾಗೇ ಓಡುತ್ತದೆ, ಫೈಲ್ ಮಾತ್ರ ನೇತಾಡುತ್ತದೆ. ಮೊದಲು 1500ರಲ್ಲೇ ಓಡಿಸಿ.

---

ತೆಂಗಿನಸಾಲು_ತಿಪಟೂರು:

ಕೇಬಲ್ ಎಳೆದು ಜಾಯಿಂಟ್ ಆಯಿತು. ಲೋಹವಿಲ್ಲದ 4 ಕೋರ್, 40 ಮಿಲಿಮೀಟರ್ ಪೈಪ್. ನೀಲಿ ಕೋರ್ ಮನೆಯಿಂದ ಶೆಡ್‌ಗೆ ಕಳಿಸುತ್ತದೆ, ಕಿತ್ತಳೆ ಶೆಡ್‌ನಿಂದ ಮನೆಗೆ. ಲಿಂಕ್ ಬರುತ್ತದೆ, ಹೋಗುತ್ತದೆ. ಸ್ವಿಚ್ ತೋರಿಸುವ ಬೆಳಕಿನ ಅಂಕಿ, ಡಿಬಿಎಂನಲ್ಲಿ, ಹೀಗಿದೆ. ಮನೆ ಕಡೆ ಕಳಿಸುವುದು -2.0, ಬರುವುದು -3.1. ಶೆಡ್ ಕಡೆ ಕಳಿಸುವುದು -1.8, ಬರುವುದು -17.8. ಶೆಡ್ಡಿನ ಮಾಡ್ಯೂಲ್ ಕೆಟ್ಟಿದೆಯೇ?

---

ಶಿರಾಗೇಟ್_ಸ್ಪ್ಲೈಸರ್:

ಅಂಕಿ ಕೊಟ್ಟಿದ್ದಕ್ಕೆ ಥ್ಯಾಂಕ್ಸ್, ಅರ್ಧ ಕೆಲಸ ಮುಗಿಯಿತು. ಕಿತ್ತಳೆ ಕೋರ್: -1.8 ಹೋಗಿ -3.1 ಬಂತು, ನಷ್ಟ 1.3 ಡಿಬಿ, ಲೆಕ್ಕ ಹಾಕಿದಷ್ಟೇ. ನೀಲಿ ಕೋರ್: -2.0 ಹೋಗಿ -17.8 ಬಂತು, ನಷ್ಟ 15.8. ರಿಸೀವರಿಗೆ -14.4 ಬೇಕು, ಅದಕ್ಕೇ ಲಿಂಕ್ ಒದ್ದಾಡುತ್ತಿದೆ. ಬೆಳಕೇ ಬರದಿದ್ದರೆ -30, -40 ಅಂತ ತೋರಿಸುತ್ತಿತ್ತು, ಹಾಗಾಗಿ ಕೋರ್ ತುಂಡಾಗಿಲ್ಲ.

ಮಾಡ್ಯೂಲೋ ಕೋರೋ ಅಂತ ತಿಳಿಯಲು ಎರಡೂ ಕಡೆ ಪ್ಯಾಚ್ ಕಾರ್ಡಿನ ಎ, ಬಿ ಅದಲುಬದಲು ಮಾಡಿ. ಎರಡೂ ಕಡೆ ಮಾಡಬೇಕು, ಒಂದೇ ಕಡೆ ಮಾಡಿದರೆ ಕಳಿಸುವುದು ಕಳಿಸುವುದಕ್ಕೇ ಎದುರಾಗಿ ಕತ್ತಲೆ. ಬದಲಿಸಿದ ಮೇಲೆ ಮನೆ ಕಡೆಯ ಅಂಕಿ ಕೆಟ್ಟರೆ ತಪ್ಪು ನೀಲಿ ಕೋರಿನದು. ಶೆಡ್ಡಿನಲ್ಲೇ ಉಳಿದರೆ ಮಾಡ್ಯೂಲಿನದು ಅಥವಾ ಪ್ಯಾಚ್ ಕಾರ್ಡಿನದು.

ಕೋರಿನದಾದರೆ ಮೊದಲು ಎಲ್ಲಾ ಮುಖ ಒರೆಸಿ ಮತ್ತೆ ನೋಡಿ. ಆಮೇಲೆ ಮನೆ ಕಡೆಯಿಂದ ಕೆಂಪು ಲೇಸರಿನ ಪೆನ್ನು ಹಾಕಿ, ಶೆಡ್ಡಿನ ದೀಪ ಆರಿಸಿ ಬಾಕ್ಸ್ ತೆರೆಯಿರಿ. ತೀರಾ ಬಾಗಿದ ಜಾಗ, ಕೆಟ್ಟ ಜಾಯಿಂಟ್ ಎರಡೂ ಕೆಂಪಗೆ ಹೊಳೆಯುತ್ತವೆ. ಮಾಡ್ಯೂಲ್ ಸಿಕ್ಕಿಸಿರುವಾಗ ಮಾತ್ರ ಆ ಪೆನ್ನು ಹಾಕಬೇಡಿ.

---

ತೆಂಗಿನಸಾಲು_ತಿಪಟೂರು:

ಕೋರಿನದೇ. ಒರೆಸಿದ ಮೇಲೆ -17.2. ಕೆಂಪು ಬೆಳಕು ಹಾಕಿದಾಗ ಶೆಡ್ಡಿನ ಬಾಕ್ಸಿನಲ್ಲಿ, ಮುಚ್ಚಳದ ತುಟಿಗೆ ನೀಲಿ ಪಿಗ್‌ಟೇಲ್ ಸಿಕ್ಕಿಕೊಂಡ ಜಾಗ ಕೆಂಡದ ಹಾಗೆ ಹೊಳೆಯುತ್ತಿತ್ತು. ಬಿಡಿಸಿ ಟ್ರೇ ಒಳಗೆ ಸುತ್ತಿದೆ, ಈಗ -3.4. ಐಪರ್ಫ್3 ಎರಡೂ ಕಡೆ 9.41. ಆ ಪಿಗ್‌ಟೇಲನ್ನು ಬದಲಿಸಬೇಕೇ?

---

ಶಿರಾಗೇಟ್_ಸ್ಪ್ಲೈಸರ್:

-3.4 ಅಂದರೆ ನಷ್ಟ 1.4, ಚೆನ್ನಾಗಿದೆ. ಆದರೆ ಹಿಂಡಿದ ಜಾಗದಲ್ಲಿ ಗಾಜಿಗೆ ಕೂದಲೆಳೆ ಬಿರುಕು ಬಿದ್ದಿದ್ದರೆ ಬಿಸಿಲು, ಚಳಿಗೆ ಹಿಗ್ಗಿ ಕುಗ್ಗಿ ಮುಂದೆ ಬಾಯಿಬಿಡುತ್ತದೆ. ಈಗ ಬಳಸುವ ಜೋಡಿಯನ್ನು ಹಸಿರು, ಕಂದು ಕೋರಿಗೆ ಬದಲಿಸಿ, ನೀಲಿ, ಕಿತ್ತಳೆಯನ್ನು ಉಳಿಕೆಗೆ ಬಿಡಿ. ಮುಂದಿನ ಸಲ ಮೆಷಿನ್ ಆ ಕಡೆ ಬಂದಾಗ ನೀಲಿಯದನ್ನು ಹೊಸದಾಗಿ ಹಾಕಿಸಿಕೊಳ್ಳಿ. ಟ್ರೇಯಲ್ಲಿ ಸುತ್ತಿನ ವ್ಯಾಸ 6 ಸೆಂಟಿಮೀಟರಿಗೆ ಕಡಿಮೆ ಆಗದಿರಲಿ, ಪ್ಲಾಸ್ಟಿಕ್ ಟ್ಯಾಗ್ ಹಾಕಿ ಬಿಗಿಯಬೇಡಿ, ವೆಲ್ಕ್ರೋ ಪಟ್ಟಿ ಸಾಕು. ಖಾಲಿ ಅಡಾಪ್ಟರುಗಳಿಗೆ ಧೂಳಿನ ಮುಚ್ಚಳ ಹಾಕಿ. ಇವತ್ತಿನ ನಾಲ್ಕು ಅಂಕಿಯನ್ನೂ ತಾರೀಖಿನ ಜೊತೆ ಮಾರ್ಕರಿನಲ್ಲಿ ಎರಡೂ ಬಾಕ್ಸಿನ ಮುಚ್ಚಳದ ಒಳಗೆ ಬರೆದಿಡಿ.

---

ಗುಬ್ಬಿ_ಅಡಿಕೆತೋಟ:

ಪೈಪಿನ ಎರಡೂ ಬಾಯಿ ಮುಚ್ಚಿದಿರಾ? ರಬ್ಬರ್ ಪ್ಲಗ್ ಹಾಕಿ. ಇಲ್ಲದಿದ್ದರೆ ಮಳೆ ಶುರುವಾದ ವಾರಕ್ಕೆ ಇರುವೆ, ಕಪ್ಪೆ ಎಲ್ಲಾ ನಿಮ್ಮ ಬಾಕ್ಸಿಗೇ ಬರುತ್ತವೆ.